ಉಗುರಿಗೊಂದು ಜಾಗ

ಶಿವಮೊಗ್ಗದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆಯ ಜಾಗ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಕುಚ್ಚು ಕಟ್ಟುತ್ತೇನೆ. 2012ರ ಮಳೆಗಾಲದ ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಮೈಸೂರು ರೇಷ್ಮೆ ಸೀರೆಯನ್ನು ಮೇಜಿನ ಮೇಲೆ ಮಡಿಸಿಟ್ಟು ಅನ್ನಕ್ಕಿಡಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ನಮ್ಮ ಬೆಕ್ಕು ಸಾಸಿವೆ ಸೆರಗಿನ ಮೇಲೆ ನಿಂತಿದ್ದಳು. ಆಗ ಅವಳಿಗೆ ಒಂದು ವರ್ಷ. ಕಣ್ಣು ಅರೆ ಮುಚ್ಚಿಕೊಂಡು, ಮುಂಗಾಲುಗಳಲ್ಲಿ ಒಂದಾದ ಮೇಲೊಂದರಂತೆ ಚಪಾತಿ ಹಿಟ್ಟು ನಾದಿದ ಹಾಗೆ ಸೆರಗನ್ನು ನಾದುತ್ತಿದ್ದಳು. ಏಳು ಕಡೆ ಎಳೆ ಎದ್ದಿತ್ತು. ಗಾಬರಿಯಲ್ಲಿ ಅವಳನ್ನು ಹಿಡಿದು ಎಳೆದೆ. ಎಳೆದ ರಭಸಕ್ಕೆ ಎಂಟನೆಯ ಎಳೆ ಗೇಣುದ್ದ ಬಂತು.

ದುಡ್ಡು ಕೊಡಲು ಹೋದರೆ ಆ ಗಿರಾಕಿ ತೆಗೆದುಕೊಳ್ಳಲಿಲ್ಲ. ಅದು ತೀರಿಹೋದ ಅವರ ತಾಯಿಯ ಸೀರೆ. ಅವರು ಒಂದು ಮಾತೂ ಆಡದೆ ಸೀರೆ ಮಡಿಸಿಕೊಂಡು ಹೋದದ್ದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಸಂಜೆ ಅಕ್ಕಪಕ್ಕದವರೆಲ್ಲ ಹೇಳಿದ್ದು ಒಂದೇ: "ಚೀಲಕ್ಕೆ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬಾ."

ಬಿಡಲಿಲ್ಲ. ಆ ರಾತ್ರಿ ಮಲಗಿ ಯೋಚಿಸಿದೆ. ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಬೆಕ್ಕಿಲ್ಲದ ದಿನವೇ ಇರಲಿಲ್ಲ. ಆದರೂ ಬೆಕ್ಕು ಪರಚಿ ಹಾಳು ಮಾಡಿತು ಎಂದು ಯಾರೂ ದೂರಿದ್ದು ನೆನಪಿಲ್ಲ. ಅಲ್ಲಿ ಹಲಸಿನ ಮರ ಇತ್ತು, ಕೊಟ್ಟಿಗೆಯ ಕಂಬ ಇತ್ತು, ಸೌದೆ ರಾಶಿ ಇತ್ತು. ಊರಿನಿಂದ ಪೇಟೆಗೆ ಬಂದ ನಾವು ಬೆಕ್ಕನ್ನು ಮನೆಯೊಳಗೆ ಕರೆದುಕೊಂಡೆವು, ಅದರ ಉಗುರಿಗೆ ಬೇಕಾದದ್ದನ್ನೆಲ್ಲ ಹೊರಗೇ ಬಿಟ್ಟೆವು. ಉಳಿದದ್ದು ಸೋಫಾ, ಪರದೆ, ಸೀರೆ. ಸಾಸಿವೆಯ ನಂತರ ಹತ್ತು ಬೆಕ್ಕುಗಳು ಈ ಮನೆಯಲ್ಲಿ ಬೆಳೆದಿವೆ. ಕೆಲವು ಇಲ್ಲೇ ಉಳಿದವು, ಕೆಲವನ್ನು ಸಾಕಿ ಒಳ್ಳೆಯ ಮನೆ ನೋಡಿ ಕೊಟ್ಟೆ. ಅವುಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಾದುವುದು ಬೇರೆ, ಪರಚುವುದು ಬೇರೆ

ಎರಡರಲ್ಲೂ ಉಗುರು ಹೊರಬರುವುದರಿಂದ ನಾವು ಎರಡನ್ನೂ ಒಂದೇ ಎಂದುಕೊಳ್ಳುತ್ತೇವೆ. ನಾದುವುದು ಎಳೆತನದ ಅಭ್ಯಾಸ. ಮರಿ ಹಾಲು ಕುಡಿಯುವಾಗ ತಾಯಿಯ ಹೊಟ್ಟೆಯನ್ನು ಮುಂಗಾಲುಗಳಿಂದ ಒತ್ತುತ್ತದೆ, ಒತ್ತಿದರೆ ಹಾಲು ಇಳಿಯುತ್ತದೆ. ದೊಡ್ಡದಾದ ಮೇಲೂ ನೆಮ್ಮದಿಯಾದಾಗ ಕಾಲುಗಳಿಗೆ ಅದೇ ನೆನಪಾಗುತ್ತದೆ.

ನಮ್ಮ ಅಜ್ಜಿಯ ಕಂಬಳಿ ಕೊಪ್ಪೆಯೊಂದು ನನ್ನ ಹತ್ತಿರ ಉಳಿದಿದೆ, ಗದ್ದೆಗೆ ಹೋಗುವಾಗ ಮಳೆಗೆ ಹೊದೆಯುತ್ತಿದ್ದದ್ದು. ಸಾಸಿವೆ ಅದರ ಮೇಲೆ ನಾದುವುದನ್ನು ಹತ್ತಿರ ಕೂತು ಎಷ್ಟೋ ಸಲ ನೋಡಿದ್ದೇನೆ. ಮೊದಲು ಮೂಸುತ್ತಾಳೆ, ಒಂದು ಸುತ್ತು ಸುತ್ತುತ್ತಾಳೆ. ಬಲಗಾಲು ಒತ್ತಿದಾಗ ಬೆರಳುಗಳು ಹೂವಿನ ಹಾಗೆ ಅರಳಿ ಉಗುರು ಹೊರಗೆ ಬರುತ್ತದೆ, ಎತ್ತಿದಾಗ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಎಡಗಾಲು ಅರಳುತ್ತದೆ. ಗಂಟಲಲ್ಲಿ ಗುರ್ ಗುರ್. ಕೆಲವೊಮ್ಮೆ ತುಟಿಯಂಚಿನಿಂದ ಜೊಲ್ಲು ಇಳಿದು ಕಂಬಳಿಯ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ಅವಳಿಗೆ ನಾನಿರುವುದೂ ಗೊತ್ತಿರುವುದಿಲ್ಲ. ಅಂದು ಆ ಸೆರಗಿನ ಮೇಲೆ ಅವಳು ಇದ್ದದ್ದೂ ಇಂಥದೇ ನೆಮ್ಮದಿಯಲ್ಲಿ ಎಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಪರಚುವುದು ಎಚ್ಚರದ ಕೆಲಸ. ಅದರ ಕಾರಣವೇ ಬೇರೆ, ಮುಂದೆ ಹೇಳುತ್ತೇನೆ.

2. ತೊಡೆಯ ಮೇಲೆ ನಾದಿದರೆ ತಳ್ಳಬೇಡಿ

ನೋವಾಗುತ್ತದೆ, ನಿಜ. ಬೇಸಿಗೆಯಲ್ಲಿ ತೆಳು ಕಾಟನ್ ಸೀರೆ ಉಟ್ಟು ಕೂತಾಗ ಸೂಜಿ ಚುಚ್ಚಿದ ಹಾಗೇ ಆಗುತ್ತದೆ. ಆದರೆ ಕೂಗಿ ತಳ್ಳಿದರೆ ಬೆಕ್ಕಿಗೆ ಅರ್ಥವಾಗುವುದು ಇಷ್ಟೇ: ನನಗೆ ಅತ್ಯಂತ ಸುಖವಾದ ಹೊತ್ತಿನಲ್ಲಿ ಇವಳು ಹೊಡೆಯುತ್ತಾಳೆ. ನಾನು ಕೂರುವ ಕಡೆಯಲ್ಲೆಲ್ಲ ಒಂದು ಹಳೆಯ ಕೌದಿಯ ತುಂಡು ಇಟ್ಟಿದ್ದೇನೆ. ಬೆಕ್ಕು ತೊಡೆ ಏರುವ ಮೊದಲೇ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳುತ್ತೇನೆ. ಒಂದೇ ಬಟ್ಟೆಯನ್ನು ದಿನವೂ ಬಳಸಿದರೆ ಬೆಕ್ಕು ಅದನ್ನೇ ತನ್ನದೆಂದು ಹಿಡಿಯುತ್ತದೆ, ಅಂಗಾಲಿನ ಮೆತ್ತೆಗಳ ನಡುವೆ ಇರುವ ಗ್ರಂಥಿಗಳ ವಾಸನೆ ಅದಕ್ಕೆ ಅಂಟಿರುತ್ತದೆ. ಹಾಗಾಗಿ ಆ ಬಟ್ಟೆಯನ್ನು ಪದೇ ಪದೇ ಒಗೆಯಬೇಡಿ.

ಉಗುರು ಬಟ್ಟೆಗೋ ಚರ್ಮಕ್ಕೋ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆಯಲೇಬಾರದು. ಆ ಸೀರೆಯ ದಿನ ನಾನು ಮಾಡಿದ ತಪ್ಪು ಅದೇ. ಬೆಕ್ಕಿನ ಉಗುರು ಕೊಕ್ಕೆ. ಪಾದವನ್ನು ಮೆಲ್ಲಗೆ ಹಿಡಿದು, ಅದು ಚಾಚಿದ ದಿಕ್ಕಿಗೇ ಸ್ವಲ್ಪ ಮುಂದಕ್ಕೆ ತಳ್ಳಿ, ಆಮೇಲೆ ಮೇಲಕ್ಕೆ ಎತ್ತಬೇಕು. ಕ್ರೋಶಾ ಕಡ್ಡಿಯನ್ನು ಕುಣಿಕೆಯಿಂದ ಬಿಡಿಸುವುದೂ ಹೀಗೆಯೇ. ಇನ್ನು ಬಟ್ಟೆಯಲ್ಲಿ ಎದ್ದ ಎಳೆಯನ್ನು ಕತ್ತರಿಸಲು ಹೋಗಬೇಡಿ. ಸಣ್ಣ ಸೂಜಿಯಿಂದ ಅದನ್ನು ಹಿಂಬದಿಗೆ ದಾಟಿಸಿ, ಬಟ್ಟೆಯನ್ನು ಓರೆಯಾಗಿ ಎರಡೂ ಕಡೆಗೆ ಮೆಲ್ಲಗೆ ಜಗ್ಗಿದರೆ ಬಹುಪಾಲು ಎಳೆ ಒಳಗೆ ಸೇರುತ್ತದೆ.

3. ಬಟ್ಟೆ ಚೀಪುವ ಮರಿಯ ಮೇಲೆ ಕಣ್ಣಿಡಿ

ಕೆಲವು ಮರಿಗಳು ನಾದುತ್ತಾ ಉಣ್ಣೆ ಬಟ್ಟೆಯನ್ನು ಬಾಯಿಗಿಟ್ಟು ಚೀಪುತ್ತವೆ. ಬೇಗ ತಾಯಿ ಬಿಟ್ಟ ಮರಿಗಳಲ್ಲಿ ನಾನು ಇದನ್ನು ಹೆಚ್ಚು ಕಂಡಿದ್ದೇನೆ. ಚೀಪಿದರೆ ತೊಂದರೆಯಿಲ್ಲ, ನುಂಗಿದರೆ ಅಪಾಯ. ಉದ್ದನೆಯ ದಾರ ಕರುಳಿಗೆ ಹೋದರೆ ಕರುಳು ನೆರಿಗೆ ಕಟ್ಟಿಕೊಂಡು ಕೊಯ್ದುಕೊಳ್ಳಬಹುದು. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದ್ದು ಕಂಡರೆ ನೀವಾಗಿ ಎಳೆಯಬೇಡಿ, ಕೂಡಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಾನು ದಾರ ಪೋಣಿಸಿದ ಸೂಜಿಯನ್ನು ಒಂದು ನಿಮಿಷಕ್ಕೂ ಮೇಜಿನ ಮೇಲೆ ಬಿಡುವುದಿಲ್ಲ. ದಾರದ ಉಂಡೆ, ಬಾಬಿನ್, ಕುಚ್ಚಿನ ರೇಷ್ಮೆ ಎಲ್ಲವೂ ಮುಚ್ಚಳವಿರುವ ಡಬ್ಬಿಯೊಳಗೆ.

4. ಪರಚುವುದು ಸೇಡಲ್ಲ

"ನಾನು ಬೈದೆ ಅಂತ ಸೋಫಾ ಹರಿದಿದೆ ನೋಡಿ" ಎನ್ನುವವರನ್ನು ಬಹಳ ಕಂಡಿದ್ದೇನೆ. ಹಾಗಲ್ಲ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಹಳೆಯ ಪದರ ಕಳಚಿದರೆ ಒಳಗಿನ ಚೂಪು ಪದರ ಹೊರಬರುತ್ತದೆ. ಪರಚುವುದರಿಂದ ಆಗುವ ಒಂದು ಕೆಲಸ ಇದು. ಕಸ ಗುಡಿಸುವಾಗ ಸೋಫಾ ಕೆಳಗೆ ಭತ್ತದ ಹೊಟ್ಟಿನ ಹಾಗೆ ಬಾಗಿದ, ಒಳಗೆ ಟೊಳ್ಳಾದ ಚೂರು ಸಿಕ್ಕರೆ ಉಗುರೇ ಕಿತ್ತುಬಂತೆಂದು ಹೆದರಬೇಡಿ, ಅದು ಆ ಸಿಪ್ಪೆ. ಎರಡನೆಯದು ಮೈಮುರಿಯುವುದು: ನಿದ್ದೆಯಿಂದ ಎದ್ದ ಬೆಕ್ಕು ಉಗುರು ಊರಿ ಬೆನ್ನು, ಭುಜ, ಕಾಲುಗಳನ್ನು ಪೂರ್ತಿ ಚಾಚುತ್ತದೆ. ಮೂರನೆಯದು ಗುರುತು. ಕಣ್ಣಿಗೆ ಕಾಣುವ ಗೀರು ಮತ್ತು ಪಾದದ ವಾಸನೆ ಎರಡೂ ಸೇರಿ ಇದು ನನ್ನ ಮನೆ ಎಂದು ಹೇಳುತ್ತವೆ. ಆದ್ದರಿಂದಲೇ ಅದು ಮೂಲೆಯನ್ನು ಬಿಟ್ಟು ಬಾಗಿಲ ಹತ್ತಿರದ ಸೋಫಾ ಕೈಯನ್ನು, ಎಲ್ಲರೂ ಓಡಾಡುವ ಜಾಗವನ್ನು ಆರಿಸುತ್ತದೆ.

ಇಷ್ಟೆಲ್ಲ ಇರುವಾಗ ಪರಚುವುದನ್ನು ನಿಲ್ಲಿಸುವುದು ನಮ್ಮಿಂದ ಆಗದು. ಎಲ್ಲಿ ಪರಚಬೇಕು ಎನ್ನುವುದನ್ನು ಮಾತ್ರ ಬದಲಿಸಬಹುದು.

5. ಕಂಬ ಗಟ್ಟಿಯಾಗಿರಲಿ, ಎತ್ತರವಾಗಿರಲಿ, ಸರಿಯಾದ ಕಡೆ ಇರಲಿ

ಮೊದಲು ಅಂಗಡಿಯಿಂದ ಮೊಣಕಾಲೆತ್ತರದ ಒಂದು ಕಂಬ ತಂದೆ. ಸಾಸಿವೆ ಕೈಯಿಟ್ಟ ಕೂಡಲೇ ಅದು ಅಲುಗಾಡಿ ಅವಳ ಮೇಲೆಯೇ ವಾಲಿತು. ಮತ್ತೆಂದೂ ಅದನ್ನು ಮುಟ್ಟಲಿಲ್ಲ. ದುಡ್ಡು ದಂಡವಾದರೂ ಏನು ತಪ್ಪೆಂದು ಗೊತ್ತಾಯಿತು.

ಎರಡನೆಯದನ್ನು ನಾವೇ ಮಾಡಿದೆವು. ತವರಿನ ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರದ ಮೂರೂವರೆ ಅಡಿಯ ತುಂಡನ್ನು ಅಣ್ಣ ಬಸ್ಸಿನಲ್ಲಿ ಹಾಕಿಸಿ ಕಳಿಸಿದ. ಮಿಕ್ಸಿ ಬಂದ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲಿನ ಗುಳಿಯಲ್ಲಿ ಅದನ್ನು ನಿಲ್ಲಿಸಿ, ಸುತ್ತ ಸಿಮೆಂಟು ತುಂಬಿದೆವು. ಮೇಲೆ ಕತ್ತಾಳೆ ನಾರಿನ ಹಗ್ಗವನ್ನು ಸಂದಿಯಿಲ್ಲದಂತೆ ಬಿಗಿಯಾಗಿ ಸುತ್ತಿ, ಎರಡು ತುದಿಗೂ ಮೊಳೆ ಹೊಡೆದು, ಮೊಳೆಯ ತಲೆ ಹಗ್ಗದೊಳಗೆ ಮುಳುಗುವಂತೆ ನೋಡಿಕೊಂಡೆವು. ತೆಂಗಿನ ನಾರಿನ ಹಗ್ಗವೂ ಆಗುತ್ತದೆ, ಆದರೆ ಚೂರು ಉದುರಿ ಮನೆಯೆಲ್ಲ ಕಸವಾಗುತ್ತದೆ, ಬೇಗ ಸಡಿಲವೂ ಆಗುತ್ತದೆ. ಅಳತೆ ನೆನಪಿಡಿ: ಬೆಕ್ಕು ಹಿಂಗಾಲ ಮೇಲೆ ನಿಂತು ಮುಂಗಾಲು ಪೂರ್ತಿ ಚಾಚಿದರೂ ಕಂಬ ಮಿಗಬೇಕು. ದೊಡ್ಡ ಬೆಕ್ಕಿಗೆ ಮೂರು ಅಡಿ ಬೇಕೇ ಬೇಕು.

ಆಮೇಲೆ ಮಾಡಿದ ತಪ್ಪು ಅದನ್ನು ಬಾಲ್ಕನಿಯಲ್ಲಿ ಇಟ್ಟದ್ದು. ನೋಡಲು ಚೆನ್ನಾಗಿಲ್ಲ ಎಂದು ಮರೆಯಲ್ಲಿ ಇಟ್ಟಿದ್ದೆ. ಹದಿನೈದು ದಿನ ಸಾಸಿವೆ ಅತ್ತ ಸುಳಿಯಲಿಲ್ಲ. ಕೊನೆಗೆ ಅವಳು ಹರಿಯುತ್ತಿದ್ದ ಸೋಫಾ ಕೈಗೆ ತಾಗಿಸಿಯೇ ನಿಲ್ಲಿಸಿದೆ, ಸೋಫಾ ಕೈಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಅವಳು ಮಲಗುತ್ತಿದ್ದ ಗೋಣಿತಾಟಿನಿಂದ ಹಗ್ಗವನ್ನು ತಿಕ್ಕಿ ಅವಳ ವಾಸನೆ ಹಿಡಿಸಿದೆ. ಇನ್ನೊಂದು ಉಪಾಯ ತೋಟದವರಿಗೆ ಗೊತ್ತಿರುತ್ತದೆ. ಬೇಲಿಯ ಬದಿಯಲ್ಲಿ ಬೆಳೆಯುವ ಕುಪ್ಪಿಗಿಡದ ಬೇರೆಂದರೆ ಬೆಕ್ಕಿಗೆ ಹುಚ್ಚು ಆಸೆ. ತೊಳೆದ ಒಂದು ಬೇರನ್ನು ಕಂಬಕ್ಕೆ ಉಜ್ಜಿ ತೆಗೆದುಬಿಟ್ಟೆ, ತಿನ್ನಲು ಕೊಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಕಂಬಕ್ಕೆ ಉಗುರು ಊರಿ ಬೆನ್ನು ಚಾಚಿದಳು. ಆ ಚರ ಚರ ಸದ್ದು ಕೇಳಿ ನನ್ನ ಕಣ್ಣು ತುಂಬಿತ್ತು.

ಹಗ್ಗ ಹರಿದು ಜೋತಾಡುವಾಗ ನಮಗೆ ಅದು ಹಾಳಾಗಿದೆ ಎನಿಸುತ್ತದೆ. ಬೆಕ್ಕಿಗೆ ಆಗಷ್ಟೇ ಅದು ತನ್ನದಾಗಿರುತ್ತದೆ. ಹೊಸ ಹಗ್ಗ ಸುತ್ತುವುದಾದರೆ ಅರ್ಧಕ್ಕೆ ಸುತ್ತಿ, ಉಳಿದರ್ಧ ಹಳೆಯದನ್ನೇ ಬಿಡಿ.

ಎಲ್ಲ ಬೆಕ್ಕಿಗೂ ನಿಂತ ಕಂಬ ಒಗ್ಗುವುದಿಲ್ಲ. ನಮ್ಮ ಗುಂಡ ಕಾಲೊರಸನ್ನು ಬಿಟ್ಟು ಬೇರೇನನ್ನೂ ಪರಚುತ್ತಿರಲಿಲ್ಲ. ಅವನಿಗೆ ಹಲಗೆಯೊಂದಕ್ಕೆ ಗೋಣಿತಾಟು ಎಳೆದು ಕಟ್ಟಿ ನೆಲದಲ್ಲಿ ಹಾಕಿದೆ, ಒಪ್ಪಿದ. ನಿಮ್ಮ ಬೆಕ್ಕು ಈಗ ಏನನ್ನು ಹಾಳು ಮಾಡುತ್ತಿದೆಯೋ ಅದನ್ನು ಮೊದಲು ನೋಡಿ. ನಿಂತದ್ದೋ ಮಲಗಿದ್ದೋ, ಒರಟೋ ಮೆದುವೋ ಎಂದು ಅದೇ ನಿಮಗೆ ಹೇಳುತ್ತಿದೆ.

6. ಹೊಡೆದರೆ ಕಲಿಯುವುದಿಲ್ಲ, ಹೆದರುತ್ತದೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಒಮ್ಮೆ ಕುದಿಯುವ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು. ಕಥೆ ಕೇಳಿ ನಕ್ಕಿದ್ದೇವೆ, ಆದರೆ ಅದರಲ್ಲಿರುವ ಬೆಕ್ಕು ನಿಜವಾದ ಬೆಕ್ಕು. ಸುಟ್ಟದ್ದು ಬಿಸಿ ಎಂದು ಅದಕ್ಕೆ ತಿಳಿಯಲಿಲ್ಲ, ಹಾಲೇ ಸುಡುತ್ತದೆ ಎಂದು ತಿಳಿಯಿತು. ಸೋಫಾ ಪರಚಿದಾಗ ಹೊಡೆದರೂ, ನೀರು ಎರಚಿದರೂ ಬೆಕ್ಕು ಸೋಫಾವನ್ನು ಬಿಡುವುದಿಲ್ಲ. ನಿಮ್ಮ ಹತ್ತಿರ ಬರುವುದನ್ನು ಬಿಡುತ್ತದೆ, ನೀವಿಲ್ಲದಾಗ ಪರಚುತ್ತದೆ. ಕಂಬ ಪರಚಿದ ಕ್ಷಣಕ್ಕೇ ಒಂದು ಚೂರು ಒಣಮೀನೋ ನಾಲ್ಕು ಒಳ್ಳೆಯ ಮಾತೋ ಕೊಟ್ಟರೆ ಬೇಗ ಕಲಿಯುತ್ತದೆ.

ಫಿನಾಯಿಲ್ ಒರೆಸಿ, ನುಸಿಗುಳಿಗೆ ಇಡಿ, ನಿಂಬೆ ಎಣ್ಣೆ ಹಚ್ಚಿ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಇವೆಲ್ಲ ಬೆಕ್ಕಿಗೆ ವಿಷ. ನಮ್ಮ ದೇಹ ಜೀರ್ಣಿಸಿಕೊಳ್ಳುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಒಡೆಯಲಾರದು. ಪಾದಕ್ಕೆ ಅಂಟಿದ್ದನ್ನೆಲ್ಲ ಅದು ನೆಕ್ಕುತ್ತದೆ ಬೇರೆ. ಸೀರೆ ಬೀರುವಿನಲ್ಲಿ ನುಸಿಗುಳಿಗೆ ಇದ್ದರೆ ಬಾಗಿಲು ಭದ್ರವಾಗಿರಲಿ.

7. ಉಗುರು ಕತ್ತರಿಸುವುದನ್ನು ಕಲಿಯಿರಿ

ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು, ಒಟ್ಟು 18 ಉಗುರು. ಒಂದೇ ದಿನ ಹದಿನೆಂಟನ್ನೂ ಮುಗಿಸುವ ಹಟ ಬೇಡ. ಊಟವಾಗಿ ಮಂಪರಿನಲ್ಲಿರುವಾಗ ಬೆಳಕಿರುವ ಕಡೆ ಕೂತು, ಬೆರಳನ್ನು ಮೇಲಿಂದ ಕೆಳಗಿಂದ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ಗುಲಾಬಿ ಬಣ್ಣ ಕಾಣುತ್ತದೆ. ಅದು ಜೀವವಿರುವ ಭಾಗ, ರಕ್ತನಾಳವೂ ನರವೂ ಅಲ್ಲಿವೆ. ಅದರಿಂದ ದೂರದಲ್ಲಿ, ತುದಿಯ ಬಿಳಿ ಕೊಕ್ಕೆಯನ್ನಷ್ಟೇ ತೆಗೆಯಬೇಕು. ಕಪ್ಪು ಉಗುರಾದರೆ ಗುಲಾಬಿ ಕಾಣದು, ಕೂದಲೆಳೆಯಷ್ಟೇ ತೆಗೆಯಿರಿ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಎರಡು ನಿಮಿಷ ಒತ್ತಿ ಹಿಡಿಯಿರಿ, ಆ ದಿನ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ವಾರಕ್ಕೊಮ್ಮೆ ಸಾಕು. ಕತ್ತರಿ ಹರಿತವಿರಲಿ, ಮೊಂಡಾದರೆ ಉಗುರು ಸೀಳುತ್ತದೆ.

ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ ಇರುವ ಐದನೆಯ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದಿಲ್ಲ. ಬೆಳ್ಳಿ ಎಂಬ ನನ್ನ ಮುದಿ ಬೆಕ್ಕು ಕುಂಟಲು ತೊಡಗಿದಾಗ ಕಾಲು ಉಳುಕಿರಬೇಕೆಂದು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಪಾದ ಹಿಡಿದು ಕೂದಲು ಸರಿಸಿ ನೋಡಿದರೆ ಆ ಉಗುರು ಉಂಗುರದಂತೆ ಸುತ್ತಿ ಮೆತ್ತೆಯೊಳಗೇ ಇಳಿದಿತ್ತು, ಸುತ್ತ ಕೀವು. ವೈದ್ಯರು ಕತ್ತರಿಸಿ ತೆಗೆದು ಔಷಧಿ ಕೊಟ್ಟರು, ವಾಸಿಯಾಯಿತು. ಅಷ್ಟು ದಿನ ಅದು ಒಂದು ಸಲವೂ ಕೂಗಿರಲಿಲ್ಲ. ಬೆಕ್ಕು ನೋವನ್ನು ಬಚ್ಚಿಡುತ್ತದೆ, ಹುಡುಕಿ ನೋಡಬೇಕಾದವರು ನಾವು.

ಹೊರಗೆ ಓಡಾಡುವ ಬೆಕ್ಕಾದರೆ ನಾನು ಉಗುರು ಕತ್ತರಿಸುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಮರ ಹತ್ತಲು ಅದಕ್ಕೆ ಬೇರೆ ದಾರಿಯಿಲ್ಲ.

8. ಉಗುರು ಕೀಳಿಸುವ ಯೋಚನೆಯನ್ನೇ ಮಾಡಬೇಡಿ

ವಿದೇಶದಲ್ಲಿ ಉಗುರು ತೆಗೆಸುತ್ತಾರಂತೆ, ಇಲ್ಲಿ ಮಾಡುತ್ತಾರಾ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಅದು ಉಗುರು ಕೀಳುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ನಮ್ಮ ಬೆರಳುಗಳನ್ನು ಕೊನೆಯ ಗೆಣ್ಣಿಗೆ ಕತ್ತರಿಸಿದ ಹಾಗೆ. ಇಂಗ್ಲೆಂಡಿನಲ್ಲಿ ಇದು ನಿಷಿದ್ಧ. ಅಮೆರಿಕದ ನ್ಯೂಯಾರ್ಕ್ ರಾಜ್ಯವೂ 2019ರಲ್ಲಿ ನಿಷೇಧಿಸಿತು. ಪ್ರಾಣಿಯ ಅಂಗ ಊನ ಮಾಡುವುದನ್ನು ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಅಪರಾಧ ಎನ್ನುತ್ತದೆ. ಸೋಫಾ ಉಳಿಸಲು ಬೆರಳು ತೆಗೆಯುವವರ ಮನೆಗೆ ನಾನು ಮರಿ ಕೊಡುವುದಿಲ್ಲ.

9. ಕೈ ಆಟಿಕೆಯಲ್ಲ

ಎರಡು ತಿಂಗಳ ಮರಿ ಕೈಯನ್ನು ಅಪ್ಪಿಕೊಂಡು ಹಿಂಗಾಲಲ್ಲಿ ಒದ್ದರೆ ಮುದ್ದೆನಿಸುತ್ತದೆ. ವರ್ಷ ತುಂಬಿದ ಮೇಲೆ ಅದೇ ಆಟಕ್ಕೆ ರಕ್ತ ಬರುತ್ತದೆ, ಆಗ ಬೈಗುಳ ತಿನ್ನುವುದು ಬೆಕ್ಕು. ಮೊದಲ ದಿನದಿಂದಲೇ ಕೋಲಿಗೆ ಕಟ್ಟಿದ ಬಟ್ಟೆಯ ಚೂರಿನಲ್ಲಿ ಆಡಿಸಿ, ಆಟ ಮುಗಿದ ಮೇಲೆ ಎತ್ತಿಡಿ. ಸವರುತ್ತಿರುವಾಗ ಬಾಲದ ತುದಿ ಪಟಪಟ ಹೊಡೆದುಕೊಂಡರೆ, ಬೆನ್ನ ಚರ್ಮ ಅದುರಿದರೆ, ಕಿವಿ ಹಿಂದಕ್ಕೆ ಮಡಿಸಿಕೊಂಡರೆ ಕೈ ತೆಗೆಯಿರಿ. ಅದು ಸಾಕು ಎಂದು ಹೇಳಿ ಆಗಿದೆ. ಮಕ್ಕಳಿಗೂ ಇದನ್ನು ಕಲಿಸಿ. ನನ್ನ ತಂಗಿಯ ಮಗ ಆರು ವರ್ಷಕ್ಕೇ "ದೊಡ್ಡಮ್ಮಾ, ಬಾಲ ಮಾತಾಡ್ತಾ ಇದೆ" ಎಂದು ಕೈ ಹಿಂತೆಗೆದುಕೊಳ್ಳುತ್ತಿದ್ದ.

10. ಗೀರು ಬಿದ್ದರೆ ಮೊದಲು ಸೋಪು, ನೀರು

ಸುಣ್ಣ, ಕಾಫಿ ಪುಡಿ, ಅರಿಸಿನ ಯಾವುದೂ ಬೇಡ. ನಲ್ಲಿ ಬಿಟ್ಟು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಬಹಳ ಹೊತ್ತು, ಗಡಿಯಾರ ನೋಡಿಕೊಳ್ಳಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದೆಂದು ತಿಳಿದವರೇ ಹೆಚ್ಚು, ಬೆಕ್ಕಿನಿಂದಲೂ ಬರುತ್ತದೆ. ರಕ್ತ ಬರದ ಸಣ್ಣ ಗೀರಾದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೆ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕಾಗುತ್ತದೆ. ನಮ್ಮದೇ ಬೆಕ್ಕು, ಏನಾಗುವುದಿಲ್ಲ ಎಂದು ನೀವೇ ತೀರ್ಮಾನಿಸದೆ ವೈದ್ಯರ ಹತ್ತಿರ ಹೋಗಿ, ಬೆಕ್ಕಿಗೆ ಯಾವಾಗ ಲಸಿಕೆ ಹಾಕಿಸಿದ್ದೀರಿ ಎಂದೂ ಅವರಿಗೆ ತಿಳಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ. ಶುರು ಮಾಡಿದ ಮೇಲೆ ಎಲ್ಲ ಡೋಸನ್ನೂ ಮುಗಿಸಿ. ಮರಿಗೆ ಮೂರು ತಿಂಗಳಾದ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ.

ಚಿಗಟವಿರುವ ಬೆಕ್ಕಿನ ಗೀರಿನಿಂದ ಇನ್ನೊಂದು ತೊಂದರೆ ಇದೆ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಗಟದ ಹಿಕ್ಕೆಯಲ್ಲಿರುತ್ತದೆ, ಉಗುರಿನ ಸಂದಿಗೆ ಸೇರಿ ಗಾಯದ ಮೂಲಕ ನಮ್ಮೊಳಗೆ ಬರುತ್ತದೆ. ಒಂದೆರಡು ವಾರದ ಮೇಲೆ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಂಟು ಊದಿ ಜ್ವರ ಬಂದರೆ ಬೆಕ್ಕು ಪರಚಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಚಿಗಟದ ಔಷಧಿಯನ್ನು ಬೆಕ್ಕಿನದೇ ಕೇಳಿ ತನ್ನಿ. ನಾಯಿಗೆ ಹಚ್ಚುವ ಕೆಲವು ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ.

11. ಹೊಲಿಗೆ ಕೋಣೆಗೆ ಬಾಗಿಲು

ಗಿರಾಕಿಗಳ ಬಟ್ಟೆ ಇರುವ ಕೋಣೆಗೆ ಜಾಲರಿ ಬಾಗಿಲು ಹಾಕಿಸಿದೆ. ಸೀರೆ ಮೇಜಿನ ಮೇಲೆ ಇರುವಷ್ಟು ಹೊತ್ತು ನಾನೂ ಅಲ್ಲೇ ಇರುತ್ತೇನೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

12. ಅಭ್ಯಾಸ ಬದಲಾದರೆ ಕಾರಣ ಹುಡುಕಿ

ದಿನವೂ ಕಂಬ ಪರಚುತ್ತಿದ್ದ ಬೆಕ್ಕು ಅದನ್ನು ಬಿಟ್ಟರೆ ಬುದ್ಧಿ ಬಂತೆಂದು ಖುಷಿಪಡಬೇಡಿ. ಕಳೆದ ವರ್ಷ ಸಾಸಿವೆ ಕಂಬದ ಹತ್ತಿರ ಹೋಗಿ, ಒಂದು ಕಾಲೆತ್ತಿ, ಹಾಗೇ ಇಳಿಸಿ ಬಂದುಬಿಡುತ್ತಿದ್ದಳು. ಪರೀಕ್ಷೆ ಮಾಡಿಸಿದಾಗ ಭುಜದ ಕೀಲುಗಳಲ್ಲಿ ಸವೆತ ಎಂದರು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ ಎಂದು ವೈದ್ಯರು ಒತ್ತಿ ಹೇಳಿದರು, ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಅವರು ಕೊಟ್ಟ ಔಷಧಿ ನಡೆಯುತ್ತಿದೆ. ಗುಂಡನ ಹಳೆಯ ಗೋಣಿತಾಟಿನ ಹಲಗೆಯನ್ನು ಅಟ್ಟದಿಂದ ಇಳಿಸಿ ಅವಳ ಹಾಸಿಗೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಎದ್ದು ನಿಲ್ಲದೆ, ಮಲಗಿದಲ್ಲಿಂದಲೇ ಎರಡು ಗೀರು ಎಳೆಯುತ್ತಾಳೆ. ಮುದಿ ಬೆಕ್ಕಿನ ಉಗುರು ಸವೆಯದೆ ದಪ್ಪವಾಗುವುದರಿಂದ ಈಗ ಎರಡು ವಾರಕ್ಕೊಮ್ಮೆ ತಪ್ಪದೆ ಕತ್ತರಿಸುತ್ತೇನೆ.

ಈಗ ಅವಳಿಗೆ 14 ವರ್ಷ. ರಾತ್ರಿ ಮಷೀನು ಮುಚ್ಚಿ ನಾನು ಕೂತ ಮೇಲೆ ಬರುತ್ತಾಳೆ. ಕೊಪ್ಪೆಯನ್ನು ಹಾಸುವವರೆಗೆ ಕಾದು ನಿಲ್ಲುತ್ತಾಳೆ. ಮೊದಲಿನಷ್ಟು ಹೊತ್ತು ಆಗುವುದಿಲ್ಲ, ಎಡಗಾಲು ಬಲಗಾಲಿನಷ್ಟು ಅರಳುವುದೂ ಇಲ್ಲ. ಹತ್ತಿಪ್ಪತ್ತು ಸಲ ಒತ್ತಿ, ಅದರ ಮೇಲೆಯೇ ಗಲ್ಲವಿಟ್ಟು ಮಲಗುತ್ತಾಳೆ.